200 ಗ್ರಾಂನ ಪುಟ್ಟ ಡಿಜಿಟಲ್ ತಕ್ಕಡಿ: ಉಪ್ಪಿನ ದ್ರಾವಣಕ್ಕೆ ಸಾಕೇ?

ಒಡವೆ ತೂಗಲೆಂದು ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಮಾರುವ ಅಂಗೈ ಅಗಲದ ತಕ್ಕಡಿ ಇದು. ಗರಿಷ್ಠ 200 ಗ್ರಾಂ ತೂಗುತ್ತದೆ, 0.01 ಗ್ರಾಂವರೆಗೆ ಅಂಕಿ ತೋರಿಸುತ್ತದೆ. ಈರುಳ್ಳಿ ಪೊರೆ, ಆಲೂಗಡ್ಡೆ ತುಂಡನ್ನು ಉಪ್ಪುನೀರಿನಲ್ಲಿಟ್ಟು ನೋಡುವ ಪ್ರಯೋಗಗಳಿಗೆ ಧಾರಾಳವಾಗಿ ಸಾಕು. ಆದರೆ ಆ ಕೊನೆಯ ಅಂಕಿಯನ್ನು ನಂಬಬೇಡಿ.

ಒಂದೇ ವಸ್ತುವನ್ನು ಇಟ್ಟು ತೆಗೆದು ನೋಡಿದರೆ 0.02 ಗ್ರಾಂ ಅತ್ತಿತ್ತ ಆಗುವುದು ಮಾಮೂಲು. 50 ಮಿ.ಲೀ. 0.9% ದ್ರಾವಣಕ್ಕೆ ಬೇಕಾದ ಉಪ್ಪೇ 0.45 ಗ್ರಾಂ; ಅಲ್ಲಿಗೆ ಶೇ. 4ಕ್ಕಿಂತ ಹೆಚ್ಚು ತಪ್ಪು. ಹಾಗಾಗಿ ಚಿಟಿಕೆಗಳನ್ನು ತೂಗಲು ಹೋಗದೆ ಸ್ಟಾಕ್ (ಆಮೇಲೆ ನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳುವ ಗಟ್ಟಿ ದ್ರಾವಣ) ಮಾಡಿಟ್ಟುಕೊಳ್ಳಿ: 20 ಗ್ರಾಂ ಉಪ್ಪನ್ನು 150 ಮಿ.ಲೀ. ನೀರಲ್ಲಿ ಪೂರ್ತಿ ಕರಗಿಸಿ, ಆಮೇಲೆ 200ರ ಗೆರೆಯವರೆಗೆ ನೀರು ತುಂಬಿ. ಇದು 10%. ಅಳೆದ 200 ಮಿ.ಲೀ. ನೀರಿಗೇ ಉಪ್ಪು ಸುರಿದರೆ ಒಟ್ಟು 207ರ ಆಸುಪಾಸು ಆಗಿ ದ್ರಾವಣ ತೆಳ್ಳಗಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜಿನಲ್ಲಿ 4.5 ಮಿ.ಲೀ. ಸ್ಟಾಕ್ ಎಳೆದು ನೀರು ಸೇರಿಸಿ 50 ಮಿ.ಲೀ.ಗೆ ಏರಿಸಿದರೆ 0.9%. 25 ಮಿ.ಲೀ. ಹಾಕಿದರೆ 5%; ಕೆಂಪು ಈರುಳ್ಳಿಯ ಜೀವಕೋಶದೊಳಗೆ ನೇರಳೆ ಬಣ್ಣ ಮುದುಡಿಕೊಳ್ಳುವುದು ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುವುದು ಇದರಲ್ಲೇ. 0.2 ಮೋಲಾರ್ (ಲೀಟರಿಗೆ 0.2 ಮೋಲ್ ಉಪ್ಪು) ಬೇಕಿದ್ದರೆ, ಉಪ್ಪಿನ ಒಂದು ಮೋಲ್‌ಗೆ 58.44 ಗ್ರಾಂ ಲೆಕ್ಕದಲ್ಲಿ, 50 ಮಿ.ಲೀ.ಗೆ 5.8 ಮಿ.ಲೀ. ಸ್ಟಾಕ್.

ತಕ್ಕಡಿಯ ಸಿಟ್ಟು ಬರಿಸುವ ಗುಣವೆಂದರೆ, ಸೊನ್ನೆಯ ಹತ್ತಿರ ಉಪ್ಪನ್ನು ಹರಳು ಹರಳಾಗಿ ಉದುರಿಸಿದರೆ ಅಂಕಿ ಕದಲುವುದೇ ಇಲ್ಲ. ಸೊನ್ನೆಯನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಅಷ್ಟನ್ನು ನುಂಗಿಬಿಡುತ್ತದೆ. ಮೊದಲೇ ಒಂದು ಚಮಚ ಸುರಿದುಬಿಡಿ. ಕೊನೆಯ ಚಿಟಿಕೆ ಹಾಕಿದ ಮೇಲೆ ಬಟ್ಟಲನ್ನು ಎತ್ತಿ ಮತ್ತೆ ಇಟ್ಟು ಓದಿ. ನಡುವೆ ತಾನಾಗಿ ಆಫ್ ಆದರೆ ಟೇರ್ (ಬಟ್ಟಲಿನ ತೂಕ ಕಳೆದು ಸೊನ್ನೆ ಮಾಡಿಕೊಂಡದ್ದು) ಹೋಗುತ್ತದೆ, ಖಾಲಿ ಬಟ್ಟಲಿನ ತೂಕ ಬರೆದಿಟ್ಟುಕೊಂಡಿರಿ. ಗಾಜಿನ ಲೋಟ ಬೇಡ, ಅದರ ಭಾರವೇ 200 ಗ್ರಾಂನ ಮಿತಿಯನ್ನು ತಿನ್ನುತ್ತದೆ. ಫ್ಯಾನ್ ಆರಿಸುವುದಂತೂ ಕಡ್ಡಾಯ.

ತಾಳೆ ನೋಡುವ ತೂಕದ ಕಲ್ಲು ಹಲವು ಡಬ್ಬಿಗಳಲ್ಲಿ ಬರುವುದಿಲ್ಲ. 2011ರ ಸರಣಿಯ, ಸವೆಯದ 5 ರೂಪಾಯಿ ನಾಣ್ಯ 6.00 ಗ್ರಾಂ, ನಾಲ್ಕು ಒಟ್ಟಿಗೆ ಇಟ್ಟರೆ 24ರ ಹತ್ತಿರ ತೋರಿಸಬೇಕು.

ಪ್ಯಾಕೆಟ್ಟಿನ ಪುಡಿ ಉಪ್ಪು ಗಂಟು ಕಟ್ಟದಂತೆ ಸೇರಿಸಿದ ಪುಡಿಯಿಂದಾಗಿ ನೀರನ್ನು ಮಬ್ಬಾಗಿಸುತ್ತದೆ. ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಸಿದುಕೊಂಡರೆ ಸಾಕು. ಕಲ್ಲುಪ್ಪು ಬಳಸುವವರು ಮೊದಲು ಬಾಣಲೆಯಲ್ಲಿ ಹುರಿದು ಆರಿಸಲಿ, ಇಲ್ಲದಿದ್ದರೆ ಉಪ್ಪಿನ ಜೊತೆ ತೇವವನ್ನೂ ತೂಗಿದಂತೆ.