ಕೊರೆಯುವ ಚಳಿಗೆ ಹಳೇ ಡೀಸೆಲ್ ಟ್ರಕ್: ಫೋರ್ಡ್ 7.3 ಅಥವಾ ಕಮಿನ್ಸ್ 5.9?

ಅಮೆರಿಕದ 1994–2003ರ ಫೋರ್ಡ್ 7.3 ಲೀಟರ್ ಪವರ್ ಸ್ಟ್ರೋಕ್ ಎಂಜಿನ್‌ಗೆ ಎಂಟು ಗ್ಲೋ ಪ್ಲಗ್ (ಸಿಲಿಂಡರ್ ಒಳಗನ್ನು ಕಾಯಿಸುವ ಕಡ್ಡಿ). ಡಾಡ್ಜ್‌ನ ಕಮಿನ್ಸ್ 5.9ರಲ್ಲಿ ಅವೇ ಇಲ್ಲ. ಒಳಹೋಗುವ ಗಾಳಿಯನ್ನೇ ಗ್ರಿಡ್ ಹೀಟರ್ ಕಾಯಿಸುತ್ತದೆ.

ಫೋರ್ಡ್ ಸ್ಟಾರ್ಟ್ ಆಗದಿದ್ದರೆ ಮೊದಲ ಅನುಮಾನ ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಮೇಲೆ. ತಣ್ಣಗಿನ ಎಂಜಿನ್‌ನಲ್ಲಿ ಕೀ ಆನ್ ಮಾಡಿದಾಗ ರಿಲೇಯ ಎರಡೂ ದೊಡ್ಡ ಟರ್ಮಿನಲ್‌ಗಳಲ್ಲಿ ಹೆಚ್ಚುಕಡಿಮೆ ಬ್ಯಾಟರಿ ವೋಲ್ಟೇಜ್ ಇರಬೇಕು. ಒಳ್ಳೆಯ ಪ್ಲಗ್‌ನ ರೋಧ ಮೀಟರ್‌ನಲ್ಲಿ ಸುಮಾರು 0.6ರಿಂದ 2 ಓಮ್. ಮೀಟರ್ ಅಲುಗದಿದ್ದರೆ ಪ್ಲಗ್ ಸತ್ತಿದೆ. ಇನ್ನೊಂದು ತೊಡಕು, ಫೋರ್ಡ್‌ನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಬಲ ಬರುವುದು ಎಂಜಿನ್ ಆಯಿಲ್ ಒತ್ತಡದಿಂದ. ಚಳಿಗೆ ಆಯಿಲ್ ಗಟ್ಟಿಯಾದರೆ ಪ್ಲಗ್ ಸರಿಯಿದ್ದೂ ಎಂಜಿನ್ ಬರೀ ತಿರುಗುತ್ತದೆ, ಸ್ಟಾರ್ಟ್ ಆಗದು. ಚಳಿಯಲ್ಲೂ ಸುಲಭವಾಗಿ ಹರಿಯುವ 5ಡಬ್ಲ್ಯೂ-40 ಸಿಂಥೆಟಿಕ್ ಆಯಿಲ್ ಹಾಕಿ.

ಕಮಿನ್ಸ್‌ನಲ್ಲಿ ನೋಡಬೇಕಾದ್ದು ರಿಲೇಗಳು, ದಪ್ಪ ಕೇಬಲ್, ಎರಡೂ ಬ್ಯಾಟರಿ, ಅಷ್ಟೇ. ಹೀಟರ್ ತುಂಬ ಕರೆಂಟ್ ಎಳೆಯುವುದರಿಂದ ಸೊರಗಿದ ಬ್ಯಾಟರಿ ತಡೆಯದು.

ಈಥರ್ ಸ್ಪ್ರೇ ಎರಡಕ್ಕೂ ಬೇಡ, ಕಾದ ಗ್ಲೋ ಪ್ಲಗ್‌ಗೋ ಹೀಟರ್‌ಗೋ ತಗುಲಿ ಸಿಡಿಯಬಹುದು. ರಾತ್ರಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ಗೆ ಕರೆಂಟ್ ಪಾಯಿಂಟ್ ಸಿಗದವರು ಕಮಿನ್ಸ್ ಕೊಳ್ಳಲಿ.