ಕಾರ್ಪೆಟ್ ಕಿತ್ತ ಮೆಟ್ಟಿಲಿಗೆ ಆಯಿಲ್ ಪೇಂಟ್: ಒಂದು ಮಳೆಗಾಲ ಕಳೆದ ಮೇಲೆ

ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿರುವ ನಮ್ಮ ಮನೆಯ ಮಹಡಿಗೆ ಹೋಗುವ ಮರದ ಮೆಟ್ಟಿಲುಗಳ ಮೇಲೆ 11 ವರ್ಷ ಹಾಸಿದ್ದ ಕಾರ್ಪೆಟ್ಟನ್ನು ಕಳೆದ ಫೆಬ್ರವರಿಯಲ್ಲಿ ಕಿತ್ತು, ಅದರ ಜಾಗದಲ್ಲಿ ಸಿಂಥೆಟಿಕ್ ಎನಾಮೆಲ್ ಅನ್ನು, ಅಂದರೆ ಅಂಗಡಿಯಲ್ಲಿ ಎಲ್ಲರೂ ಆಯಿಲ್ ಪೇಂಟ್ ಎಂದೇ ಕೇಳುವ ಬಣ್ಣವನ್ನು, ಕೂಲಿಯವರನ್ನು ಕರೆಯದೆ ನಾವೇ ಹಚ್ಚಿದೆವು. ಹಚ್ಚಿದ ವಾರದಲ್ಲಿ ಯಾವ ಬಣ್ಣವಾದರೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪೂರ್ತಿ ಮಳೆಗಾಲ ಅದರ ಮೇಲೆ ಹತ್ತಿಳಿದ ಮೇಲೆಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕಾರ್ಪೆಟ್ಟಿನ ಬಗ್ಗೆ ಅನ್ಯಾಯವಾಗಿ ಮಾತನಾಡಬಾರದು. ಹಾಸಿದ ಹೊಸದರಲ್ಲಿ ಅದು ಡಿಸೆಂಬರ್‌ನ ಚಳಿಯಲ್ಲೂ ಕಾಲಿಗೆ ಬೆಚ್ಚಗಿರುತ್ತಿತ್ತು. ಮಕ್ಕಳು ಮೇಲಿಂದ ಕೆಳಕ್ಕೆ ಓಡಿದರೂ ಸದ್ದು ಕೇಳುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆಯೇ ಮೂರು ದಿನ ಒಣಗದ ಊರಿನಲ್ಲಿ ಹಲಗೆಗೆ ಅಂಟಿಸಿದ ಬಟ್ಟೆ ಒಣಗುವುದಾದರೂ ಹೇಗೆ? ಐದಾರು ವರ್ಷಗಳಲ್ಲಿ ಕಾಲು ಬೀಳುವ ಮಧ್ಯಭಾಗ ಬೋಳಾಯಿತು, ಅಂಚುಗಳಲ್ಲಿ ನೂಲು ಎದ್ದು ಕಾಲ್ಬೆರಳಿಗೆ ಸಿಕ್ಕಿಕೊಳ್ಳತೊಡಗಿತು, ಆಷಾಢ ಬಂತೆಂದರೆ ಮಹಡಿಯವರೆಗೂ ಬೂಷ್ಟಿನ ವಾಸನೆ ಏರುತ್ತಿತ್ತು. ಅದು ಮುಚ್ಚಿಟ್ಟಿದ್ದ ದೊಡ್ಡ ಸಂಗತಿ ಕಿತ್ತ ದಿನವೇ ಗೊತ್ತಾದದ್ದು: ಕೆಳಗಿನ ಎರಡು ಮೆಟ್ಟಿಲುಗಳ ಎದುರು ಹಲಗೆಗಳ, ಅಂದರೆ ಎರಡು ಮೆಟ್ಟಿಲುಗಳ ನಡುವೆ ನೆಟ್ಟಗೆ ನಿಲ್ಲುವ ಹಲಗೆಗಳ, ಹಿಂದೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬಹಳ ದಿನದಿಂದ ಸಂಸಾರ ಮಾಡಿತ್ತು.

ಹೊಸ ಕಾರ್ಪೆಟ್ ಹಾಸಲು ಕೂಲಿಯೂ ಸೇರಿ 8,500 ರೂಪಾಯಿ ಎಂದು ಒಬ್ಬರು ಲೆಕ್ಕ ಕೊಟ್ಟರು. ಗೆದ್ದಲನ್ನು ಕಂಡ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಮರದ ಮೆಟ್ಟಿಲಿಗೆ ಪಾಲಿಶ್ ಬಿಟ್ಟು ಬಣ್ಣ ಬಳಿಯುವುದು ಪಾಪವೆಂದು ಭಾವಿಸುವವರು ಮಲೆನಾಡಿನಲ್ಲಿ ಬಹಳ ಜನರಿದ್ದಾರೆ, ನಾನೂ ಅವರಲ್ಲೊಬ್ಬನೇ. ಆದರೆ ನಮ್ಮ ಮೆಟ್ಟಿಲಿಗೆ ಒಂದೇ ಜಾತಿಯ ಮರವಿಲ್ಲ. ಮೊದಲು ಹಾಕಿದ ಹಲಗೆಗಳು ಹೊನ್ನೆಯವು, ಮುಂದೆ ಬದಲಾಯಿಸಿದವು ಹಲಸಿನವು, ಕೊನೆಯ ಬಾರಿ ರಿಪೇರಿ ಮಾಡಿಸಿದಾಗ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಅಗ್ಗವಾಗಿ ಸಿಕ್ಕಿತೆಂದು ಅದನ್ನೇ ಎದುರು ಹಲಗೆಗಳಿಗೆ ಹೊಡೆಸಲಾಗಿತ್ತು. ಗೆದ್ದಲು ಹೊನ್ನೆಯನ್ನೂ ಹಲಸಿನ ಕೆಚ್ಚನ್ನೂ ಮುಟ್ಟದೆ ನೇರವಾಗಿ ಸಿಲ್ವರ್ ಓಕನ್ನೇ ಆರಿಸಿಕೊಂಡಿತ್ತು. ಪಾಲಿಶ್ ಹಾಕಿದ್ದರೆ ಕೆಂಪು, ಹಳದಿ, ಮಾಸಲು ಬಿಳಿ ಎಂದು ಮೂರು ಬಣ್ಣದ ಮೆಟ್ಟಿಲು ಆಗುತ್ತಿತ್ತು. ಹಾಳಾದ ಎರಡು ಹಲಗೆಗಳನ್ನು ನಮ್ಮ ಆಚಾರ್ರು ಬದಲಾಯಿಸಿ, ಗೆದ್ದಲಿನ ಔಷಧ ಹೊಡೆದು, "ಇನ್ನು ಮುಚ್ಚಬೇಡಿ, ಗಾಳಿ ಆಡಲಿ" ಎಂದು ಹೇಳಿ ಹೋದರು.

ಈ ಕೆಲಸಕ್ಕೆ ಹಿಡಿದ ಹನ್ನೆರಡು ದಿನಗಳಲ್ಲಿ ಬ್ರಶ್ ಕೈಗೆ ಬಂದದ್ದು ಕೊನೆಯ ಐದು ದಿನ ಮಾತ್ರ. ಕಾರ್ಪೆಟ್ಟನ್ನು ಎಳೆದರೆ ಬರುತ್ತದೆ. ಅದರ ಕೆಳಗಿನ ಸ್ಟೇಪಲ್ ಪಿನ್ನುಗಳೂ ರಬ್ಬರ್ ಅಂಟೂ ಬರುವುದಿಲ್ಲ. ಪಿನ್ನುಗಳನ್ನು ಒಂದೊಂದಾಗಿ ಸ್ಕ್ರೂಡ್ರೈವರ್‌ನಿಂದ ಮೀಟಿ, ಇಕ್ಕಳದಲ್ಲಿ ಹಿಡಿದು ಕೀಳಲು ಎರಡು ಸಂಜೆ ಬೇಕಾದವು. ಒಂದು ಪಿನ್ನು ಉಳಿದರೂ ಅದು ಮುಂದೆ ಬರಿಗಾಲಿಗೇ ಚುಚ್ಚುವುದರಿಂದ ಕೊನೆಯಲ್ಲಿ ಹಳೆಯ ಬನಿಯನ್ ಬಟ್ಟೆಯೊಂದನ್ನು ಪ್ರತಿ ಹಲಗೆಯ ಮೇಲೆ ಸವರಿ, ಎಲ್ಲಿಯೂ ನೂಲು ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಅಂಟಿನ ಮೇಲೆ ಥಿನ್ನರ್ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹಾಸಿದರೆ ಅದು ಮೆತ್ತಗಾಗುತ್ತದೆ, ಆಗ ಪುಟ್ಟಿ ಬ್ಲೇಡಿನಿಂದ ಕೆರೆಯಬಹುದು. ಕಿಟಕಿಗಳೆಲ್ಲ ತೆರೆದಿರಬೇಕು, ಅಡುಗೆಮನೆಯ ಒಲೆ ಆರಿರಬೇಕು.

ಕಾರ್ಪೆಟ್ಟಿನ ಕೆಳಗೆ ಎಂದೋ ಬಳಿದಿದ್ದ ಹಸಿರು ಆಯಿಲ್ ಪೇಂಟ್ ಇತ್ತು. ಹಳೆಯ ಮನೆಗಳವರು ಇಲ್ಲಿ ಸ್ವಲ್ಪ ಜಾಗ್ರತೆ ವಹಿಸಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಮನೆ ತುಂಬುವ ಸಂಭವವಿದ್ದು, ಅದು ಮಕ್ಕಳಿಗೆ ಬಹಳ ಕೆಟ್ಟದ್ದು. ಹೀಗಾಗಿ ನಾವು ಪೇಂಟರುಗಳು ವಾಟರ್ ಪೇಪರ್ ಎನ್ನುವ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೆಸರನ್ನು ಆಗಿಂದಾಗ ಒರೆಸುತ್ತ ಉಜ್ಜಿದೆವು. ಪೂರ್ತಿ ತೆಗೆಯಬೇಕಾಗಿಲ್ಲ, ಹೊಳಪು ಹೋಗಿ ಮಂಕಾದರೆ ಸಾಕು. ಬಳಿಕ ಎರಡು ದಿನ ಒಣಗಲು ಬಿಟ್ಟು, ಪಿನ್ನಿನ ತೂತುಗಳಿಗೂ ಸಂದುಗಳಿಗೂ ಪುಟ್ಟಿ ತುಂಬಿ, 120ನೇ ನಂಬರಿನ ಕಾಗದದಲ್ಲಿ ಸಮ ಮಾಡಿ, ಒಂದು ಕೋಟ್ ವುಡ್ ಪ್ರೈಮರ್ ಹಚ್ಚಿದೆವು.

ಬಣ್ಣಗಳ ಆಯ್ಕೆಗೆ ನೆಲವೇ ದಾರಿ ತೋರಿಸಿತು. ನಮ್ಮ ಹಜಾರಕ್ಕೆ ಹಳೆಯ ರೆಡ್ ಆಕ್ಸೈಡ್ ನೆಲವಿದೆ, ಗೋಡೆಯಂಚಿನಲ್ಲಿ ನಾಲ್ಕು ಬೆರಳಗಲ ಕಪ್ಪು ಪಟ್ಟಿ. ಅದೇ ನೆಲ ಮೇಲಕ್ಕೆ ಹತ್ತಿಹೋದಂತೆ ಕಾಣಲೆಂದು ಕಾಲಿಡುವ ಹಲಗೆಗಳಿಗೆ ಕೆಮ್ಮಣ್ಣಿನ ಬಣ್ಣ, ಎರಡು ಬದಿಗೂ ಕಪ್ಪು ಅಂಚು, ಎದುರು ಹಲಗೆಗಳಿಗೆ ಕೆನೆ ಬಣ್ಣ ಎಂದು ತೀರ್ಮಾನಿಸಿದೆವು. ದೂರದಿಂದ ನೋಡಿದರೆ ಅಂಚು ಕಟ್ಟಿದ ಜಮಖಾನೆಯನ್ನು ಮೆಟ್ಟಿಲ ಮೇಲೆ ಹಾಸಿದಂತೆ ಕಾಣುತ್ತದೆ. ಎದುರು ಹಲಗೆಗಳ ಮೇಲೆ ಎಳೆ ರಂಗೋಲಿ ಬರೆಯಬೇಕೆಂದು ಮಗಳು ಹಟ ಹಿಡಿದಿದ್ದಳು; ಮೊದಲ ಮೆಟ್ಟಿಲಿಗೆ ಬರೆದು, ಹದಿನೈದು ಬಾರಿ ಬರೆಯಬೇಕಾಗುತ್ತದೆಂದು ಅರಿವಾದ ಕೂಡಲೇ ಕೈಬಿಟ್ಟಳು. ಆ ಒಂದು ರಂಗೋಲಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಕೆನೆ ಬಣ್ಣ ನಮಗೆ ಮೊದಲ ಪೆಟ್ಟು ಕೊಟ್ಟಿತು. ಉಳಿದಿದ್ದ ಹೊನ್ನೆಯ ಎದುರು ಹಲಗೆಗಳ ಮೇಲೆ ಪ್ರೈಮರ್ ಆಗಿ, ಬಣ್ಣವೂ ಆಗಿ, ಮರುದಿನ ನೋಡಿದರೆ ಚಹಾ ಚೆಲ್ಲಿದಂಥ ಕಂದು ಕಲೆಗಳು. ಹೊನ್ನೆಯ ಕೆಚ್ಚಿನಲ್ಲಿರುವ ಬಣ್ಣ ತೇವ ತಾಕಿದರೆ ಹೊರಕ್ಕೆ ಒಸರುತ್ತದೆ, ಮೇಲೆ ಎಷ್ಟು ಕೋಟ್ ಹಚ್ಚಿದರೂ ಮತ್ತೆ ಮೂಡುತ್ತದೆ. ಇದಕ್ಕೆ ಪರಿಹಾರ ಹೇಳಿದವರೂ ಆಚಾರ್ರೇ: ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶನ್ನು ಎರಡು ಕೈ ಎಳೆದು, ಅದು ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಹಾಗೆ ಮಾಡಿದ ಹಲಗೆಗಳಲ್ಲಿ ಇಂದಿನವರೆಗೆ ಕಲೆ ಮೂಡಿಲ್ಲ.

ಈಗ ಎನಾಮೆಲ್ಲಿನ ವಿಚಾರ. ಹೆಸರಾಂತ ಕಂಪನಿಯೊಂದರ ಸಾಮಾನ್ಯ ಡಬ್ಬ ಅದು. ಒಂದು ಲೀಟರ್ ಕೆಂಪು ಬಣ್ಣ ಹದಿನೈದು ಮೆಟ್ಟಿಲುಗಳಿಗೆ ಎರಡು ಕೋಟ್ ಆಗಿ ಸ್ವಲ್ಪ ಮಿಕ್ಕಿತು. ಬ್ರಶ್‌ನಿಂದ ಎಳೆದ ಗೆರೆಗಳು ತಾವೇ ಕೂಡಿಕೊಂಡು ಸಮತಟ್ಟಾಗುವುದು ಈ ಬಣ್ಣದ ದೊಡ್ಡ ಗುಣ, ಹೊಸಬರ ಕೈಯ ತಪ್ಪನ್ನು ಅದು ಕ್ಷಮಿಸುತ್ತದೆ. ಕ್ಷಮಿಸದ ತಪ್ಪು ಒಂದೇ, ದಪ್ಪಗೆ ಬಳಿಯುವುದು. ಎರಡು ತೆಳುವಾದ ಕೋಟ್‌ಗಳ ಕೆಲಸವನ್ನು ಒಂದೇ ಕೋಟ್‌ನಲ್ಲಿ ಮುಗಿಸಲು ಹೋದ ಕಡೆ ಮೇಲ್ಪದರ ಒಣಗಿ ಒಳಗೆ ಹಸಿಯಾಗಿಯೇ ಉಳಿಯಿತು. ಡಬ್ಬದ ಮೇಲೆ ಬರೆದಿರುವ ಗಂಟೆಗಳನ್ನು ನಮ್ಮ ಊರಿನಲ್ಲಿ ನಂಬಬಾರದು. ಮುಟ್ಟಿದರೆ ಅಂಟದ ಸ್ಥಿತಿ ಬೇಗ ಬರುತ್ತದೆ, ಆದರೆ ಬಣ್ಣ ನಿಜವಾಗಿ ಗಟ್ಟಿಯಾಗುವುದು ಅದರಲ್ಲಿರುವ ಎಣ್ಣೆಯಂಶ ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ. ಅದಕ್ಕೆ ದಿನಗಳೇ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು. ಕಾಫಿ ಕುಯ್ಲು ಮುಗಿದು, ಮೊದಲ ಮಳೆ ಬೀಳುವ ಮುಂಚಿನ ಒಣ ವಾರಗಳೇ ಸರಿಯಾದ ಕಾಲ.

ಮನೆಯವರ ಓಡಾಟ ನಿಲ್ಲಬಾರದೆಂದು ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಬಣ್ಣ ಹಚ್ಚುವುದು ಎಲ್ಲರೂ ಹೇಳುವ ಉಪಾಯ. ಎರಡೆರಡು ಮೆಟ್ಟಿಲು ದಾಟಬಲ್ಲವರಿಗೆ ಅದು ಸರಿಯೇ. ನಮ್ಮ ಅಮ್ಮನಿಗೆ 74 ವರ್ಷ. ಹಸಿ ಬಣ್ಣದ ಮೆಟ್ಟಿಲನ್ನು ದಾಟಿ ಹತ್ತುವುದು ಅವರಿಂದ ಆಗದ ಮಾತು. ಒಂದು ವಾರ ಅವರ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದೆವು, ದೇವರ ಮನೆ ಹತ್ತಿರವಾಯಿತೆಂದು ಅವರಿಗೆ ಸಂತೋಷವೇ ಆಯಿತು.

ಬಣ್ಣ ಕೊಂಡ ಅಂಗಡಿಯ ಬಗ್ಗೆಯೂ ಹೇಳಬೇಕು. ಹಜಾರದ ನೆಲದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ್ದಕ್ಕೆ ತಾಳ್ಮೆಯಿಂದ ಮೂರು ಶೇಡ್ ಕಾರ್ಡ್ ತೆಗೆದು, ಕೆಮ್ಮಣ್ಣಿನ ಬಣ್ಣವನ್ನು ಬಹುತೇಕ ಸರಿಯಾಗಿ ಹೊಂದಿಸಿಕೊಟ್ಟರು. ಅಷ್ಟರಮಟ್ಟಿಗೆ ಮೆಚ್ಚುಗೆ ಸಲ್ಲಬೇಕು. ಆದರೆ ಬೇಗ ಸವೆಯದಿರಲೆಂದು ಎನಾಮೆಲ್ಲಿನ ಮೇಲೆ ಹಚ್ಚಲು ಹಾರ್ಡನರ್ ಬೆರೆಸುವ ಪಿಯು ಕ್ಲಿಯರ್ ಕೋಟನ್ನು, ಅಂದರೆ ಪಾಲಿಯುರೆಥೇನ್‌ನ ಪಾರದರ್ಶಕ ಲೇಪವನ್ನು, 1,050 ರೂಪಾಯಿಗೆ, ಅವರೇ ಒತ್ತಾಯಿಸಿ ಕೊಟ್ಟರು. ಎರಡನೇ ಕೋಟ್ ಬಣ್ಣವಾಗಿ ಮೂರು ದಿನಕ್ಕೆ, ಯಾರಿಗೂ ಕಾಣದ ಮೇಲಿನ ಕೊನೆಯ ಮೆಟ್ಟಿಲ ಮೇಲೆ ಮೊದಲು ಹಚ್ಚಿ ನೋಡಿದೆ. ಹದಿನೈದು ನಿಮಿಷದಲ್ಲಿ ಬಣ್ಣವೆಲ್ಲ ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಪಿಯುವಿನ ದ್ರಾವಕ ಬಹಳ ತೀಕ್ಷ್ಣವಾದದ್ದು, ಪೂರ್ತಿ ಮಾಗದ ಎನಾಮೆಲ್ ಪದರಕ್ಕೆ ಇಳಿದು ಅದನ್ನು ಉಬ್ಬಿಸಿ ಎಬ್ಬಿಸುತ್ತದೆ. ಪಿಯು ಬೇಕೆಂದರೆ ಪ್ರೈಮರ್‌ನಿಂದ ಹಿಡಿದು ಮೇಲಿನವರೆಗೆ ಪಿಯು ಕ್ರಮವನ್ನೇ ಅನುಸರಿಸಬೇಕು. ಇಲ್ಲವಾದರೆ ಎನಾಮೆಲ್ಲನ್ನು ಅದರ ಪಾಡಿಗೆ ಬಿಡಬೇಕು. ಇದನ್ನು ಮಾರುವವರಿಗೆ ತಿಳಿದಿರಬೇಕಿತ್ತು. ಮರಳಿ ಹೋಗಿ ಕೇಳಿದಾಗ "ನೀವು ಸರಿಯಾಗಿ ಒಣಗಿಸಿಲ್ಲ ಸಾರ್" ಎಂಬ ಉತ್ತರ ಬಂತು, ಡಬ್ಬವನ್ನು ತೆರೆದಿದ್ದರಿಂದ ಹಣವೂ ವಾಪಸಾಗಲಿಲ್ಲ. ಒಂದೇ ಮೆಟ್ಟಿಲಲ್ಲಿ ಪರೀಕ್ಷೆ ಮಾಡಿದ್ದರಿಂದ ಉಳಿದ ಹದಿನಾಲ್ಕು ಉಳಿದವು.

ಜಾರುವ ವಿಷಯವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹೊಳಪಿನ ಎನಾಮೆಲ್ ಒಣಗಿದ್ದಾಗ ತೊಂದರೆಯಿಲ್ಲ, ಒದ್ದೆ ಕಾಲಿಗೆ ಮಾತ್ರ ಅದು ಹಾವಸೆ ಹಿಡಿದ ಬಂಡೆಯೇ. ಎಣ್ಣೆಸ್ನಾನದ ದಿನವಂತೂ ಹೇಳುವುದೇ ಬೇಡ. ಹಸಿ ಬಣ್ಣದ ಮೇಲೆ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೋಟ್ ಹಚ್ಚುವುದು ಸಾಮಾನ್ಯ ಕ್ರಮ. ಆದರೆ ಈ ಸಲಹೆಗಳೆಲ್ಲ ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಡುವವರಿಗಾಗಿ ಹುಟ್ಟಿದವು. ನಾವು ಬರಿಗಾಲಿನವರು. ಮೊದಲ ಎರಡು ಮೆಟ್ಟಿಲುಗಳಿಗೆ ಪೂರ್ತಿಯಾಗಿ ಮರಳು ಹಾಕಿದ್ದರಿಂದ ಹಿಮ್ಮಡಿ ಉಜ್ಜುವ ಕಲ್ಲಿನ ಮೇಲೆ ನಡೆದಂತಾಗಿ, ಅಮ್ಮ ಒಂದೇ ದಿನದಲ್ಲಿ ತೀರ್ಪು ಕೊಟ್ಟರು. ಅದನ್ನು ಉಜ್ಜಿ ತೆಗೆದು, ಚಹಾ ಸೋಸುವ ಜರಡಿಯಲ್ಲಿ ಸೋಸಿದ ತೊಳೆದ ನಯವಾದ ಮರಳನ್ನು ಪ್ರತಿ ಹಲಗೆಯ ಮುಂದಿನ ಅಂಚಿನಲ್ಲಿ ಎರಡು ಇಂಚಿನ ಪಟ್ಟಿಗೆ ಮಾತ್ರ ಹಾಕಿದೆವು. ಪಟ್ಟಿ ನೇರವಾಗಿರಲು ಮಾಸ್ಕಿಂಗ್ ಟೇಪ್ ಬಳಸಿದೆವು. ಇದು ಚೆನ್ನಾಗಿ ಫಲಿಸಿದೆ. ಇಳಿಯುವಾಗ ಕಾಲ್ಬೆರಳಿಗೆ ಅಂಚು ಎಲ್ಲಿದೆಯೆಂದು ಕತ್ತಲಲ್ಲೂ ತಿಳಿಯುತ್ತದೆ.

ಮಳೆಗಾಲ ಕಳೆದ ಮೇಲಿನ ಸ್ಥಿತಿ ಹೀಗಿದೆ. ಬೂಷ್ಟಿನ ವಾಸನೆ ಪೂರ್ತಿ ಹೋಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೆಟ್ಟಿಲು ಚೊಕ್ಕಟವಾಗುತ್ತದೆ. ಬಣ್ಣ ಎಲ್ಲಿಯೂ ಚಕ್ಕೆ ಎದ್ದಿಲ್ಲ. ಕೆಳಗಿನಿಂದ ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳ ಅಂಚಿನಲ್ಲಿ, ತಿರುವು ಇರುವುದರಿಂದ ಎಲ್ಲರ ಕಾಲೂ ಒಂದೇ ಕಡೆ ಬೀಳುವಲ್ಲಿ, ಕೆಂಪು ಸವೆದು ಪ್ರೈಮರ್ ಇಣುಕುತ್ತಿದೆ. ಮಹಡಿಯ ತಿರುವಿನಲ್ಲಿ ಬೆಳಕೇ ಬೀಳದ ಎದುರು ಹಲಗೆಗಳ ಕೆನೆ ಬಣ್ಣ ಹಳದಿಗೆ ತಿರುಗಿದೆ. ಇದು ಡಬ್ಬದ ದೋಷವಲ್ಲ, ಎಣ್ಣೆಯ ಬಣ್ಣ ಕತ್ತಲಲ್ಲಿ ಹಳದಿಯಾಗುವುದು ಅದರ ಸ್ವಭಾವ. ತಿಳಿ ಬಣ್ಣವೇ ಬೇಕೆನ್ನುವವರು ನೀರು ಬೆರೆಸಿ ಹಚ್ಚುವ ಎನಾಮೆಲ್ಲನ್ನು ಆರಿಸುವುದು ಲೇಸು. ಕಾರ್ಪೆಟ್ ನುಂಗುತ್ತಿದ್ದ ಸದ್ದು ಮರಳಿ ಬಂದಿದೆ, ರಾತ್ರಿ ಯಾರು ನೀರು ಕುಡಿಯಲು ಇಳಿದರೆಂದು ಇಡೀ ಮನೆಗೆ ಗೊತ್ತಾಗುತ್ತದೆ.

ಆಚಾರ್ರ ಕೂಲಿಯನ್ನೂ ಹೊಸ ಹಲಗೆಗಳನ್ನೂ ಬಿಟ್ಟು ಸಾಮಾನಿಗೆ ಆದ ಖರ್ಚು, ವ್ಯರ್ಥವಾದ ಪಿಯು ಸೇರಿ, ಸುಮಾರು 3,000 ರೂಪಾಯಿ. ಐದರಲ್ಲಿ ಅಂಕ ಕೊಡುವುದಾದರೆ ಬಣ್ಣಕ್ಕೆ ನಾಲ್ಕು, ಅಂಗಡಿಗೆ ಎರಡು. ಮೆಟ್ಟಿಲು ಒಂದೇ ಜಾತಿಯ ಒಳ್ಳೆಯ ಮರದ್ದಾಗಿದ್ದು ಗೆದ್ದಲಿನ ಕಾಟವಿಲ್ಲದಿದ್ದರೆ ಪಾಲಿಶನ್ನೇ ಮಾಡಿಸಿ. ಬಣ್ಣ ಒಮ್ಮೆ ಕೂತರೆ ಮತ್ತೆ ಮರ ಕಾಣುವಂತೆ ಮಾಡುವುದು ಪಿನ್ನು ಕೀಳುವುದಕ್ಕಿಂತ ಹತ್ತು ಪಟ್ಟು ಕಷ್ಟ. ಮಿಕ್ಕ ಕೆಂಪು ಬಣ್ಣವನ್ನು ಚಿಕ್ಕ ಡಬ್ಬಿಗೆ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು ಮೆಟ್ಟಿಲ ಕೆಳಗೇ ಇಟ್ಟಿದ್ದೇನೆ. ಬರುವ ಫೆಬ್ರವರಿಯಲ್ಲಿ ಆ ಎರಡು ಅಂಚುಗಳಿಗೆ ಅದು ಸಾಕು.