‘ಅನ್‌ಲಿಮಿಟೆಡ್’ ಎಂದು ಆರು ತಿಂಗಳ ಹಣ ಕಟ್ಟುವ ಮುನ್ನ

ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಪ್ಪನಿಗೆ ಸಿನಿಮಾ ಒಂದೇ ಆಸರೆಯಾಗಿತ್ತು. ಅವರಿಗಾಗಿಯೇ ದಾವಣಗೆರೆಯ ನಮ್ಮ ಮನೆಗೆ ದೊಡ್ಡ 4ಕೆ ಟಿವಿ ತಂದು ಬ್ರಾಡ್‌ಬ್ಯಾಂಡ್ ಹಾಕಿಸಿದೆ. ‘100 ಎಂಬಿಪಿಎಸ್, ಅನ್‌ಲಿಮಿಟೆಡ್’ ಎಂದರು. ಆರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ಕಟ್ಟಿಬಿಟ್ಟೆ.

ಇಪ್ಪತ್ತು ದಿನ ಚಿತ್ರ ಕನ್ನಡಿಯಂತೆ ಬಂತು. ಆಮೇಲೆ ಮುಖಗಳು ಮಸುಕಾದವು, ಹಾಡಿನ ನಡುವೆ ಚಕ್ರ ಸುತ್ತತೊಡಗಿತು. ಕರೆ ಮಾಡಿದರೆ ‘ನಿಮ್ಮ ರೂಟರ್ ಹಳೆಯದು ಸರ್’ ಎಂಬ ಉತ್ತರ. ವಾರವಿಡೀ ಅಲೆದು 2,800 ರೂಪಾಯಿಗೆ ಹೊಸದು ತಂದೆ. ಅಷ್ಟರಲ್ಲಿ ಬಿಲ್ಲಿನ ತಿಂಗಳು ಹೊರಳಿ ವೇಗ ಮರಳಿತು. ರೂಟರ್‌ನಿಂದಲೇ ಸರಿಹೋಯಿತೆಂದು ನಂಬಿದೆ. ಮರುತಿಂಗಳು ಹತ್ತೊಂಬತ್ತನೆಯ ದಿನಕ್ಕೇ ಮತ್ತದೇ ಮಸುಕು.

ಆ ರಾತ್ರಿ ಎರಡು ಗಂಟೆಗೆ ಎದ್ದು ವೇಗ ಅಳೆದೆ: 2 ಎಂಬಿಪಿಎಸ್. ಬೆಳಿಗ್ಗೆ ಆರಕ್ಕೂ 2, ಸಂಜೆಗೂ 2. ಇದನ್ನು ದಯವಿಟ್ಟು ನೆನಪಿಡಿ. ಬೀದಿಯವರೆಲ್ಲ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ಕುಸಿದ ವೇಗ ನಡುರಾತ್ರಿ ಚೇತರಿಸಿಕೊಳ್ಳುತ್ತದೆ. ಹಗಲಿರುಳೂ ಒಂದೇ ಅಂಕಿ ಬಂದರೆ ಯಾರೋ ನಲ್ಲಿ ತಿರುಗಿಸಿದ್ದಾರೆ ಎಂದೇ ತಿಳಿಯಿರಿ.

ಕಂಪನಿಯ ಆ್ಯಪ್‌ನಲ್ಲಿ, ಷರತ್ತುಗಳ ತಳದಲ್ಲಿ ಅದು ಸಿಕ್ಕಿತು: ತಿಂಗಳಿಗೆ 500 ಜಿಬಿ, ಆ ಬಳಿಕ 2 ಎಂಬಿಪಿಎಸ್. ಇದನ್ನೇ ಎಫ್‌ಯುಪಿ, ಅಂದರೆ ‘ಫೇರ್ ಯೂಸೇಜ್ ಪಾಲಿಸಿ’ ಎನ್ನುತ್ತಾರೆ. 4ಕೆ ಚಿತ್ರ ಗಂಟೆಗೆ ಸುಮಾರು 7 ಜಿಬಿ ನುಂಗುತ್ತದೆ. ಅಪ್ಪನ ಮೂರು ಗಂಟೆಗೇ ದಿನಕ್ಕೆ 21 ಜಿಬಿ. ಹೆಂಡತಿಯ ಕಚೇರಿಯ ವಿಡಿಯೊ ಕರೆಗಳು ಬೇರೆ. ಮಿತಿ ದಾಟಿದ ಮೇಲೆ ಉಳಿಯುವ 2 ಎಂಬಿಪಿಎಸ್ ಯಾವುದಕ್ಕೆ ಸಾಲುತ್ತದೆ? ನೆಟ್‌ಫ್ಲಿಕ್ಸ್ ಹೇಳುವಂತೆ ಫುಲ್ ಎಚ್‌ಡಿಗೇ 5 ಬೇಕು, 4ಕೆಗೆ 15.

ಹಣ ಹಿಂದಿರುಗಿಸಿ ಎಂದರೆ, ‘ನಿಮ್ಮ ಇಂಟರ್‌ನೆಟ್ ನಿಂತಿಲ್ಲವಲ್ಲ’ ಎಂದರು. ಹಾಸಿಗೆ ಹಿಡಿದವರ ಮನೆಗೆ ಈ ಮಾತು ಹೇಳಲು ಮನಸ್ಸಾದರೂ ಹೇಗೆ ಬಂತೋ! 2023ರ ಜನವರಿಯಿಂದ ಸರ್ಕಾರದ ವ್ಯಾಖ್ಯಾನದಲ್ಲಿ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಆ ಹೆಸರು ಹಿಡಿದು ವಾದಿಸಲಾಗದು. ವಾದಿಸಬೇಕಾದದ್ದು ಬೇರೆ. ಡೇಟಾ ಮಿತಿ ಎಷ್ಟು, ಅಲ್ಲಿಯವರೆಗಿನ ವೇಗ ಎಷ್ಟು, ಆ ನಂತರದ್ದು ಎಷ್ಟು ಎಂದು ಗ್ರಾಹಕರಿಗೆ ತಿಳಿಸಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲೇ ಆದೇಶಿಸಿದೆ. ನನಗೆ ಮೊದಲ ವೇಗವನ್ನಷ್ಟೇ ಹೇಳಿದ್ದರು. ಹಣ ಕೊಡುವ ಮೊದಲೇ ಮೂರನ್ನೂ ಬರಹದಲ್ಲಿ ಕೇಳಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ಮೊದಲ ಸಲ ಒಂದೇ ತಿಂಗಳಿಗೆ ಕಟ್ಟಿ.

ದೂರು ಕೊಟ್ಟು ಅದರ ಸಂಖ್ಯೆ ಪಡೆದಿದ್ದೇನೆ. ಇದು ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ; ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡುತ್ತೇನೆ. ಸದ್ಯ ಟಿವಿಯಲ್ಲಿ ಚಿತ್ರದ ಗುಣಮಟ್ಟವನ್ನು ಫುಲ್ ಎಚ್‌ಡಿಗೆ ಇಳಿಸಿದ್ದೇನೆ. ಗಂಟೆಗೆ 3 ಜಿಬಿಯೊಳಗೇ ಮುಗಿಯುತ್ತದೆ. ಈ ತಿಂಗಳ ಇಪ್ಪತ್ತೈದನೆಯ ದಿನವೂ ಅಪ್ಪ ತಡೆಯಿಲ್ಲದೆ ಪೂರ್ತಿ ಸಿನಿಮಾ ನೋಡಿದರು.